ನೆಲಮಾಳಿಗೆಯ ಚಳಿ

ಮನೆಯ ವಿಷಯವಾಗಿ ಬರೆಯುವವರು ಪಡಸಾಲೆಯ ಅಲಂಕಾರವನ್ನೋ ಅಡಿಗೆಮನೆಯ ಅಚ್ಚುಕಟ್ಟನ್ನೋ ಕುರಿತು ಬರೆಯುವುದು ರೂಢಿ. ನಾವು ಈಗ ವಾಚಕರ ಮುಂದಿಡುವುದು ನೆಲದ ಕೆಳಗಿನ ಒಂದು ಕೋಣೆಯ ವೃತ್ತಾಂತ. ಅದರಲ್ಲಿ ನಮ್ಮ ಜಾಣತನಕ್ಕಿಂತ ನಮ್ಮ ತಪ್ಪುಗಳೇ ಹೆಚ್ಚು. ಆದರೂ ತಪ್ಪು ಮಾಡಿ ಕಲಿತ ಪಾಠವು ಇನ್ನೊಬ್ಬ ಗೃಹಸ್ಥರಿಗೆ ಉಪಯೋಗವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯಲು ಮನಸ್ಸು ಮಾಡಿದೆವು.

ನಾವು ದಂಪತಿಗಳು ಕೆನಡಾ ದೇಶದ ಟೊರಾಂಟೊ ನಗರದ ಹೊರವಲಯದಲ್ಲಿ ೨೦೧೯ರಲ್ಲಿ ಒಂದು ಸಣ್ಣ ಮನೆಯನ್ನು ಕೊಂಡುಕೊಂಡೆವು. ಆ ಸೀಮೆಯಲ್ಲಿ ಚಳಿಗಾಲಕ್ಕೆ ನೆಲವು ಸುಮಾರು ೪ ಅಡಿ ಆಳದವರೆಗೆ ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ ಮಣ್ಣು ಉಬ್ಬಿ ತಳಪಾಯವನ್ನು ಎತ್ತಿಬಿಡುವುದರಿಂದ ತಳಪಾಯವನ್ನು ಅದಕ್ಕಿಂತ ಕೆಳಕ್ಕೆ ಒಯ್ಯಲೇಬೇಕು. ಹೇಗೂ ಅಷ್ಟು ಅಗೆಯಬೇಕಷ್ಟೆ. ಇನ್ನು ನಾಲ್ಕು ಅಡಿ ಹೆಚ್ಚು ಅಗೆದರೆ ಮನೆಯಷ್ಟೇ ವಿಸ್ತಾರವಾದ ಮತ್ತೊಂದು ಅಂತಸ್ತು ದೊರೆಯುತ್ತದೆಂಬುದು ಅಲ್ಲಿಯವರ ಲೆಕ್ಕಾಚಾರ. ಹೀಗಾಗಿ ಅಲ್ಲಿ ನೆಲಮಾಳಿಗೆಯಿಲ್ಲದ ಮನೆ ಅಪರೂಪ. ಮನೆಯನ್ನು ಕಾಯಿಸುವ ಅನಿಲದ ಒಲೆ, ಬಿಸಿನೀರಿನ ಹಂಡೆ, ಬಟ್ಟೆ ಒಗೆಯುವ ಯಂತ್ರ, ಹಳೆಯ ಪೆಟ್ಟಿಗೆಗಳು ಇವೆಲ್ಲ ಅಲ್ಲಿಯೇ ವಾಸ. ನಮ್ಮ ನೆಲಮಾಳಿಗೆಯಲ್ಲಿಯೂ ಇವು ಇದ್ದವು. ಇವಲ್ಲದೆ ಒಂದು ಮೂಲೆಯಲ್ಲಿ ಬರಿಯ ಕಾಂಕ್ರೀಟು ಗೋಡೆಯ ಒಂದು ಕೋಣೆಯೂ, ಅದರ ಪಕ್ಕದಲ್ಲಿ ಸಣ್ಣದೊಂದು ಬಚ್ಚಲೂ ಇದ್ದವು.

೨೦೨೨ರ ಅಕ್ಟೋಬರದಲ್ಲಿ ತಂದೆಯವರು ಊರಿನಿಂದ ಬಂದರು. ನಮ್ಮಿಬ್ಬರಲ್ಲಿ ಒಬ್ಬರಿಗೆ ಅವರು ತಂದೆ, ಮತ್ತೊಬ್ಬರಿಗೆ ಮಾವ. ಆದರೆ ಕರೆಯುವುದು ಇಬ್ಬರೂ ‘ಅಪ್ಪಾ’ ಎಂದೇ. ಗದಗಿನ ಸೀಮೆಯ ಎರೆಭೂಮಿಯ ಹಳ್ಳಿಯಲ್ಲಿ ಹುಟ್ಟಿ, ಶಾಲೆಯ ಮಾಸ್ತರಿಕೆ ಮಾಡಿ, ನಿವೃತ್ತರಾದ ಮೇಲೆ ಮತ್ತೆ ಹೊಲಕ್ಕೆ ಮರಳಿದವರು. ತಾಯಿಯವರು ತೀರಿಕೊಂಡ ಮೇಲೆ ಒಬ್ಬರೇ ಇದ್ದ ಅವರನ್ನು ಬಹಳ ಒತ್ತಾಯಪಡಿಸಿ ೬ ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದೆವು. ಮೇಲಿನ ಎರಡು ಕೋಣೆಗಳಲ್ಲಿ ಒಂದು ನಮ್ಮದು, ಒಂದು ಮಕ್ಕಳದು. ಬೆಳಗಿನ ನಾಲ್ಕು ಗಂಟೆಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕೂರುವ ಅವರಿಗೆ ಬಚ್ಚಲು ಪಕ್ಕದಲ್ಲಿದ್ದರೆ ಅನುಕೂಲವೆಂದೂ, ಮಕ್ಕಳ ನಿದ್ರೆಗೆ ಭಂಗವಾದೀತೆಂಬ ಸಂಕೋಚವು ಅವರಿಗೆ ಇರಲಾರದೆಂದೂ ಎಣಿಸಿ ನೆಲಮಾಳಿಗೆಯ ಕೋಣೆಯನ್ನು ಅವರಿಗಾಗಿ ಸಿದ್ಧಪಡಿಸಿದೆವು. ಗೋಡೆಗೆ ಬಿಳಿಯ ಬಣ್ಣ ಬಳಿದೆವು. ರಬ್ಬರಿನ ಬೆನ್ನುಳ್ಳ ದಪ್ಪನೆಯ ಗಾಲೀಚೆಯನ್ನು ಗೋಡೆಯಿಂದ ಗೋಡೆಗೆ ಹಾಸಿದೆವು. ೧೫೦೦ ವಾಟಿನ ವಿದ್ಯುತ್ತಿನ ಹೀಟರೊಂದನ್ನು ತಂದಿರಿಸಿದೆವು. ಕೋಣೆಯು ನೋಡಲು ಚೆನ್ನಾಗಿಯೇ ಕಂಡಿತು. ನಮ್ಮ ಕರ್ತವ್ಯವನ್ನು ಮಾಡಿದೆವೆಂಬ ಹೆಮ್ಮೆಯೂ ನಮಗಿತ್ತು.

ಮೊದಲ ದಿನ ಮೆಟ್ಟಿಲಿಳಿಯುತ್ತ ತಂದೆಯವರು ನಕ್ಕು ಹೇಳಿದರು: “ಇದು ನಮ್ಮ ಹಗೇವಿನಂಗ ಐತಲ್ಲಪಾ! ಇಳಿಯೂಕಿಂತ ಮೊದಲ ದೀಪಾ ಇಳಿಸಿ ನೋಡೀರಿಲ್ಲೋ?”

ಹಗೇವೆಂದರೆ ಜೋಳವನ್ನು ಕೂಡಿಡಲು ನೆಲದಲ್ಲಿ ತೋಡಿದ ಕಣಜವೆಂಬುದನ್ನು ನಮ್ಮ ಉತ್ತರದ ಸೀಮೆಯ ವಾಚಕರು ಬಲ್ಲರು. ಬಹಳ ದಿನ ಮುಚ್ಚಿದ್ದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿಕೊಂಡಿರುತ್ತದೆ. ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯನು ಇಳಿಯುವುದು ಹಿಂದಿನವರ ಪದ್ಧತಿ. ಅವಸರಪಟ್ಟು ಇಳಿದು ಪ್ರಾಣ ಕಳೆದುಕೊಂಡವರ ಕಥೆಗಳು ಆ ಕಡೆಯ ಊರುಗಳಲ್ಲಿ ಬೇಕಾದಷ್ಟಿವೆ. ತಂದೆಯವರ ಮಾತನ್ನು ನಾವು ವಿನೋದವೆಂದು ತಿಳಿದು ನಕ್ಕು ಸುಮ್ಮನಾದೆವು.

ನವೆಂಬರು ಕಳೆಯಿತು. ಹಿಮ ಬೀಳತೊಡಗಿತು. “ಅಪ್ಪಾ, ಕೆಳಗೆ ಥಂಡಿಯಾಗುತ್ತದೆಯೇ?” ಎಂದು ಕೇಳಿದಾಗಲೆಲ್ಲ, “ಏನೂ ತ್ರಾಸಿಲ್ಲ, ಬೆಚ್ಚಗ ಐತಿ” ಎಂದೇ ಉತ್ತರ. ಆ ಉತ್ತರವನ್ನು ನಂಬುವುದು ನಮಗೂ ಸುಲಭವಾಗಿತ್ತು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಅವರು ಅಡಿಗೆಮನೆಯ ಕುರ್ಚಿಯನ್ನು ಬಿಟ್ಟೇಳದುದನ್ನೂ, ಊಟವಾದ ಮೇಲೂ ಏನಾದರೊಂದು ನೆಪದಿಂದ ಮೇಲೆಯೇ ಕುಳಿತಿರುತ್ತಿದ್ದುದನ್ನೂ, ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆಯನ್ನು ಮನೆಯೊಳಗೂ ತೆಗೆಯದುದನ್ನೂ ಕಂಡೂ ಕಾಣದವರಂತೆ ಇದ್ದೆವು. ಡಿಸೆಂಬರಿನ ಎರಡನೆಯ ವಾರದಲ್ಲಿ ಒಂದು ಸಂಜೆ ನಮ್ಮ ಮಗಳು ಬಂದು, “ಅಜ್ಜ ತಮ್ಮ ಟಿಕೆಟ್ಟಿನ ತಾರೀಖನ್ನು ಮುಂಚಿತವಾಗಿ ಮಾಡಿಸಲು ಬರುತ್ತದೆಯೇ ಎಂದು ನನ್ನನ್ನು ಕೇಳಿದರು, ನಿಮಗೆ ಹೇಳಬೇಡವೆಂದರು” ಎಂದಳು.

ಈ ಮಾತು ನಮಗೆ ಚುಚ್ಚಿದಂತಾಯಿತು. ಆ ರಾತ್ರಿಯೇ ಅವರನ್ನು ನಮ್ಮ ಕೋಣೆಗೆ ಕಳುಹಿಸಿ ನಾವು ಕೆಳಗೆ ಮಲಗಲು ನಿಶ್ಚಯಿಸಿದೆವು. ಅವರು ಸುಲಭವಾಗಿ ಒಪ್ಪಲಿಲ್ಲ. ಹೀಟರು ಕೆಟ್ಟಿರುವಂತಿದೆ, ಪರೀಕ್ಷೆ ಮಾಡಿ ನೋಡಬೇಕಾಗಿದೆ ಎಂಬ ಸುಳ್ಳು ನೆಪವನ್ನು ಹೇಳಿ ಒಪ್ಪಿಸಬೇಕಾಯಿತು.

ವಾಚಕರೇ, ಆ ಒಂದು ರಾತ್ರಿಯಲ್ಲಿ ನಾವು ಕಲಿತಷ್ಟನ್ನು ಎರಡು ತಿಂಗಳ ಕುಶಲಪ್ರಶ್ನೆಗಳು ಕಲಿಸಿರಲಿಲ್ಲ. ಹೀಟರು ಉರಿಯುತ್ತಿದ್ದಾಗ ಮುಖವು ಬಿಸಿಯಾಗಿ ಗಂಟಲು ಒಣಗುತ್ತಿತ್ತು. ಕಾಲು ಮಾತ್ರ ಮಂಜಿನಲ್ಲಿಟ್ಟಂತಿತ್ತು. ಒಗೆಯುವ ಯಂತ್ರವೂ ಅದೂ ಒಂದೇ ತಂತಿಯ ಮೇಲೆ ಇದ್ದುದರಿಂದ ನಡುವೆ ವಿದ್ಯುತ್ತು ಕಡಿದು ಕತ್ತಲಾಯಿತು. ಗೋಡೆಯ ಕಡೆಗೆ ಮಲಗಿದವರಿಗೆ ಬೆನ್ನಿಗೆ ಯಾರೋ ತಣ್ಣೀರಿನ ಬಟ್ಟೆಯನ್ನು ಒತ್ತಿದಂತೆ ಅನಿಸುತ್ತಿತ್ತು. ಇದಕ್ಕೆಲ್ಲ ಮೇಲಾಗಿ ಹಳಸಿದ ಒಂದು ವಾಸನೆ. ಇವೆಲ್ಲವನ್ನೂ ಎಪ್ಪತ್ತೈದು ದಾಟಿದ ಆ ಹಿರಿಯರು ಎರಡು ಕಂಬಳಿಗಳ ಮೇಲೆ ತಾಯಿಯವರು ಹೊಲಿದ ಕೌದಿಯನ್ನು ಹೊದ್ದು ಒಂದು ಮಾತೂ ಆಡದೆ ಸಹಿಸಿದ್ದರು.

ಬೆಳಗಾದೊಡನೆ ಉಷ್ಣಮಾಪಕವನ್ನು ಹಿಡಿದು ನೋಡಿದೆವು. ತಲೆಯ ಮಟ್ಟದಲ್ಲಿ ೧೯ ಡಿಗ್ರಿ ಸೆಲ್ಸಿಯಸ್. ನೆಲದ ಮೇಲೆ ೧೩. ಗೋಡೆಯ ಮೂಲೆಯಲ್ಲಿ ೮. ಕಾರಣವನ್ನು ವಿಚಾರಿಸಿದಾಗ ತಿಳಿದದ್ದಿಷ್ಟು. ನಮ್ಮ ಮೈಯ ಕಾವು ಸುತ್ತಲಿನ ಗಾಳಿಗೆ ಮಾತ್ರ ಹೋಗುವುದಲ್ಲ. ಎದುರಿಗಿರುವ ತಣ್ಣನೆಯ ಗೋಡೆಗೂ ಕಿರಣರೂಪದಿಂದ ಸತತವಾಗಿ ಹೋಗುತ್ತಿರುತ್ತದೆ. ಆದುದರಿಂದ ಗಾಳಿ ಎಷ್ಟು ಬೆಚ್ಚಗಿದ್ದರೂ ಗೋಡೆ ತಣ್ಣಗಿದ್ದರೆ ಮನುಷ್ಯನಿಗೆ ಚಳಿ ತಪ್ಪದು. ಅಲ್ಲದೆ ಬೆಚ್ಚನೆಯ ಗಾಳಿ ಹಗುರವಾದುದರಿಂದ ಅದು ಮೇಲಕ್ಕೇರಿ ಛಾವಣಿಯ ಸಂದುಗಳಿಂದ ಹೊರಬೀಳುತ್ತದೆ. ಆ ಸ್ಥಳವನ್ನು ತುಂಬಲು ಹೊರಗಿನ ಚಳಿಗಾಳಿಯು ಕೆಳಗಿನ ಸಂದುಗಳಿಂದ ನುಗ್ಗುತ್ತದೆ. ಎಂದರೆ ಇಡೀ ಮನೆಯೇ ಒಂದು ಹೊಗೆಗೂಡಿನಂತೆ ಎಳೆಯುತ್ತಿರುವಾಗ ಅದರ ಬುಡದಲ್ಲಿ ನಾವು ತಂದೆಯವರ ಹಾಸಿಗೆಯನ್ನು ಹಾಸಿದ್ದೆವು.

ವಾಸನೆಯ ಮೂಲವು ಗಾಲೀಚೆಯನ್ನು ಮಗುಚಿದಾಗ ಗೊತ್ತಾಯಿತು. ಅದರ ಬೆನ್ನಿನ ತುಂಬ ಕಪ್ಪು ಬೂಷ್ಟು. ನೆಲದ ತೇವವೋ ಗಾಳಿಯ ತೇವವೋ ತಿಳಿಯಲೆಂದು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಗಳನ್ನು ಬರಿಯ ನೆಲಕ್ಕೊಂದು, ಗೋಡೆಗೊಂದು, ನಾಲ್ಕು ಅಂಚಿಗೂ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಒಳಮೈಯಲ್ಲಿ ಹನಿಗಟ್ಟಿದರೆ ತೇವವು ಮಣ್ಣಿನಿಂದ ಬಂದದ್ದು. ಹೊರಮೈಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯದು. ನಮ್ಮಲ್ಲಿ ನೆಲದ ಹಾಳೆ ಒಳಗೆ ತೊಯ್ದಿತ್ತು, ಗೋಡೆಯ ಹಾಳೆ ಹೊರಗೆ ತೊಯ್ದಿತ್ತು. ಒಗೆದ ಬಟ್ಟೆಗಳನ್ನು ಊರಿನ ಅಭ್ಯಾಸದಂತೆ ನೆಲಮಾಳಿಗೆಯಲ್ಲಿ ಹಗ್ಗ ಕಟ್ಟಿ ಒಣಹಾಕುತ್ತಿದ್ದವರು ನಾವೇ. ಆ ನೀರೆಲ್ಲ ಗಾಳಿಯಲ್ಲಿ ಸೇರಿ ತಣ್ಣನೆಯ ಗೋಡೆಯ ಮೇಲೆ ಇಬ್ಬನಿಯಾಗುತ್ತಿತ್ತು.

ಇನ್ನೂ ದೊಡ್ಡದೊಂದು ಹೀಟರನ್ನು ತರುವ ಮಾತು ನಮ್ಮಲ್ಲಿ ನಡೆದಾಗ ತಂದೆಯವರು ಕೇಳಿಸಿಕೊಂಡು ಮೊದಲ ಸಲ ಬಾಯಿ ಬಿಟ್ಟರು: “ಹಗೇವಿನ್ಯಾಗ ಬೆಂಕಿ ಹಚ್ಚಿ ಕಾಳು ಕಾಯ್ತಾರೇನು? ಮಣ್ಣಿಗೂ ಕಾಳಿಗೂ ನಡುವ ಹುಲ್ಲು ಹಾಕ್ತಾರ. ಮಳಿ ನೀರು ಬಾಯಿಗೆ ಬರದಂಗ ಮ್ಯಾಲೆ ದಿನ್ನಿ ಮಾಡ್ತಾರ. ಮೊದಲ ಮಣ್ಣ ದೂರ ಇಡ್ರಿ, ಆಮ್ಯಾಲೆ ಬೆಂಕಿ ಮಾತು.”

ತಜ್ಞರಿಂದ ಮುಂದೆ ನಾವು ಕೇಳಿ ತಿಳಿದದ್ದೆಲ್ಲವೂ ಈ ಮಾತಿನ ವಿಸ್ತಾರವೇ ಆಗಿತ್ತು. ನೀರು ಮೊದಲು, ಗಾಳಿ ಎರಡನೆಯದು, ಗೋಡೆ ಮತ್ತು ನೆಲ ಮೂರನೆಯದು, ಬೆಂಕಿ ಕೊನೆಯದು. ನೀರು ಒಸರುವ ಗೋಡೆಯನ್ನು ಹೊದಿಸಿ ಮುಚ್ಚಿದರೆ ಬೂಷ್ಟನ್ನು ಸಾಕಿದಂತಾಗುತ್ತದೆ. ಆದರೆ ಹಿಮದ ಕೆಳಗಿರುವ ಅಂಗಳವನ್ನು ಚಳಿಗಾಲದಲ್ಲಿ ಅಗೆಯುವಂತಿಲ್ಲ. ಆದುದರಿಂದ ಗೋಡೆಯ ಕೆಲಸವನ್ನು ಬೇಸಗೆಗೆ ಬಿಟ್ಟು, ಆಗ ಮಾಡಬಹುದಾದುದನ್ನು ಮಾಡತೊಡಗಿದೆವು. ತಂದೆಯವರು ಆ ಚಳಿಗಾಲವೆಲ್ಲ ಮೇಲೆಯೇ ಮಲಗಿದರು. ನಾವು ಕೆಳಗೆ ಮಲಗಿ ಒಂದೊಂದು ಮಾರ್ಪಾಟಿನ ಫಲವನ್ನೂ ಮೈಯಿಂದಲೇ ಅಳೆದೆವು.

ಮೊದಲು ಗಾಳಿ. ಪೂಜೆಯ ಊದಿನಕಡ್ಡಿಯೊಂದನ್ನು ಹೊತ್ತಿಸಿ ಗೋಡೆಗಳ ಉದ್ದಕ್ಕೂ ಹಿಡಿದು ನಡೆದೆವು. ಹೊಗೆ ನೆಟ್ಟಗೆ ಏರಿದಲ್ಲಿ ಭಯವಿಲ್ಲ. ಅಡ್ಡಕ್ಕೆ ಹಾರಿದಲ್ಲಿ ಸಂದು ಉಂಟು. ಕಾಂಕ್ರೀಟು ಗೋಡೆಯ ತಲೆಯ ಮೇಲೆ ಮನೆಯ ಮರದ ಚೌಕಟ್ಟು ಕೂರುವ ಸ್ಥಳದಲ್ಲಿ ಹೊಗೆಯು ಹುಚ್ಚು ಹಿಡಿದಂತೆ ಸುಳಿಯಿತು. ತೊಲೆ ತೊಲೆಗಳ ನಡುವಿನ ಆ ಗೂಡುಗಳಿಗೆ ಸರಿಯಾಗಿ ಫೋಮಿನ ಹಲಗೆಯ ತುಂಡುಗಳನ್ನು ಕೊಯ್ದು ಕೂರಿಸಿ, ಅಂಚುಗಳಿಗೆ ಡಬ್ಬಿಯಿಂದ ಚಿಮ್ಮುವ ನೊರೆಯನ್ನು ತುಂಬಿದೆವು. ಎರಡು ರವಿವಾರಗಳ ಕೆಲಸ; ಖರ್ಚು ಅತ್ಯಲ್ಪ; ಫಲವು ಅಂದಿನ ರಾತ್ರಿಯೇ ತಿಳಿಯಿತು.

ಆಮೇಲೆ ನೆಲ. ಬೂಷ್ಟು ಹಿಡಿದ ಗಾಲೀಚೆಯನ್ನು ಹೊರಗೆಸೆದು, ಅಡಿಗೆ ಉಬ್ಬುತಗ್ಗಿನ ಪ್ಲಾಸ್ಟಿಕ್ ಹಾಳೆ ಅಂಟಿಸಿದ, ಒಂದಕ್ಕೊಂದು ಸಿಕ್ಕಿಕೊಳ್ಳುವ ಮರದ ಹಲಗೆಗಳನ್ನು ಜೋಡಿಸಿದೆವು. ಹಲಗೆಗೂ ಕಾಂಕ್ರೀಟಿಗೂ ನಡುವೆ ತೆಳುವಾದ ಗಾಳಿಯ ಪದರವೊಂದು ಉಳಿಯುವುದರಿಂದ ತೇವವು ಮರಕ್ಕೆ ಮುಟ್ಟದು, ಕಾಲಿಗೆ ಚಳಿಯೂ ಅಷ್ಟಾಗಿ ತಟ್ಟದು. ಅದರ ಮೇಲೆ ತಂದೆಯವರೇ ಹೊತ್ತು ತಂದಿದ್ದ ನವಲಗುಂದದ ಜಮಖಾನವನ್ನು ಹಾಸಿದೆವು. ಗಾಲೀಚೆಯಂತಲ್ಲದೆ ಜಮಖಾನವನ್ನು ಎತ್ತಿ ಕೊಡವಬಹುದು, ಬಿಸಿಲಿಗೆ ಹಾಕಬಹುದು. ಹಾಸಿಗೆಯನ್ನು ಹೊರಗೋಡೆಯಿಂದ ಒಂದು ಮೊಳ ಈಚೆಗೆ ಎಳೆದೆವು. ಬಿಸಿಗಾಳಿ ಬರುವ ಕಂಡಿ ಮೇಲ್ಗಡೆಯಲ್ಲಿಯೇ ಇದ್ದುದರಿಂದ, ತಣ್ಣನೆಯ ಗಾಳಿಯನ್ನು ಒಲೆಯತ್ತ ಹಿಂದಕ್ಕೆ ಎಳೆಯುವ ಕಂಡಿಯೊಂದನ್ನು ನೆಲದ ಮಟ್ಟದಲ್ಲಿ ಕಸುಬುದಾರರಿಂದ ಮಾಡಿಸಿದೆವು. ಬಿಸಿಗಾಳಿಯು ಕೆಳಗಿಳಿಯಬೇಕಾದರೆ ಕೆಳಗಿನ ತಣ್ಣನೆಯ ಗಾಳಿಗೆ ಹೋಗಲು ದಾರಿ ಬೇಕಷ್ಟೆ.

ಗಾಳಿಯ ಸಂದುಗಳನ್ನು ಮುಚ್ಚಿದ ಮೇಲೆ ತಂದೆಯವರ ದೀಪದ ಮಾತು ನೆನಪಾಯಿತು. ಈ ಸಲ ನಗು ಬರಲಿಲ್ಲ. ಅನಿಲದ ಒಲೆ ಇರುವ ಸ್ಥಳದಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ಘಾತುಕ ಅನಿಲದ ಭಯವುಂಟು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆ ಉರಿಯಲು ಬೇಕಾದ ಗಾಳಿಯ ದಾರಿಯನ್ನು ಎಂದೂ ಮುಚ್ಚಕೂಡದು. ಎಚ್ಚರಿಕೆಯ ಗಂಟೆಯು ಮಲಗುವ ಸ್ಥಳದ ಬಳಿ ಇರಲೇಬೇಕು. ಎರಡನೆಯದು ರೇಡಾನ್. ಮಣ್ಣಿನಲ್ಲಿರುವ ಯುರೇನಿಯಮ್ ಕ್ರಮೇಣ ಕ್ಷಯಿಸುವಾಗ ಹುಟ್ಟುವ ಈ ಅನಿಲವು ನೆಲದ ಬಿರುಕುಗಳಿಂದ ನೆಲಮಾಳಿಗೆಯನ್ನು ಸೇರುತ್ತದೆ. ಶ್ವಾಸಕೋಶದ ಅರ್ಬುದಕ್ಕೆ ಧೂಮಪಾನದ ತರುವಾಯದ ದೊಡ್ಡ ಕಾರಣ ಇದೇ ಎಂದು ವೈದ್ಯಶಾಸ್ತ್ರಜ್ಞರು ಹೇಳುತ್ತಾರೆ. ಇದನ್ನು ದೀಪವು ತೋರಿಸಲಾರದು. ಅಳೆಯುವ ಚಿಕ್ಕ ಡಬ್ಬಿಯೊಂದನ್ನು ಚಳಿಗಾಲದಲ್ಲಿ ೩ ತಿಂಗಳಾದರೂ ಕೋಣೆಯಲ್ಲಿಟ್ಟು ಪರೀಕ್ಷೆಗೆ ಕಳುಹಿಸಬೇಕು. ಒಂದು ಘನಮೀಟರ್ ಗಾಳಿಗೆ ೨೦೦ ಬೆಕೆರೆಲ್ ಮೀರಿದರೆ ಪರಿಹಾರ ಮಾಡಿಸಬೇಕೆಂದು ಕೆನಡಾದ ಆರೋಗ್ಯ ಇಲಾಖೆಯ ಸೂಚನೆ. ನಮ್ಮ ಕೋಣೆಯಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಬಂದಿತು. ಆದರೂ ಅಳೆಯದೆಯೇ ಹಿರಿಯರನ್ನು ಅಲ್ಲಿ ಮಲಗಿಸಿದ್ದೆವಲ್ಲ ಎಂಬ ವ್ಯಥೆ ಮಾತ್ರ ಉಳಿಯಿತು.

೨೦೨೩ರ ಏಪ್ರಿಲಿನಲ್ಲಿ, ತಮ್ಮ ೬ ತಿಂಗಳು ತುಂಬಿದ ಮೇಲೆಯೇ, ತಂದೆಯವರು ಊರಿಗೆ ಹೊರಟರು. ಹಿಮ ಕರಗಿದ ಕೂಡಲೆ ನಾವು ಕೊಡೆ ಹಿಡಿದು ಮಳೆಯಲ್ಲಿ ಮನೆಯನ್ನು ಸುತ್ತಿ ನೋಡಿದೆವು. ಸೂರಿನ ನೀರನ್ನು ಇಳಿಸುವ ಕೊಳವೆ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಅದು ತಂದೆಯವರ ಕೋಣೆಯ ಮೂಲೆಯೇ! ಕೊಳವೆಯನ್ನು ೬ ಅಡಿ ದೂರಕ್ಕೆ ಚಾಚಿದೆವು. ಗೋಡೆಯ ಬುಡದಲ್ಲಿ ಕುಸಿದಿದ್ದ ಸ್ಥಳಕ್ಕೆ ಮಣ್ಣು ತುಂಬಿ, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಮಾಡಿದೆವು. ಇದೇ ನಮ್ಮ ದಿನ್ನೆ. ಒಳಗೆ ಬಟ್ಟೆಯ ಹಗ್ಗವನ್ನು ಬಿಚ್ಚಿ, ಬೇಸಗೆಯ ಸೆಕೆಗೆ ತೇವವನ್ನು ಹೀರುವ ಯಂತ್ರವೊಂದನ್ನಿಟ್ಟು, ಆರ್ದ್ರತೆಯು ನೂರಕ್ಕೆ ೫೦ನ್ನು ಮೀರದಂತೆ ನೋಡಿಕೊಂಡೆವು. ಮತ್ತೊಮ್ಮೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ ನೋಡಿ, ಗೋಡೆ ಒಣಗಿದೆಯೆಂದು ದೃಢಪಟ್ಟ ಮೇಲೆಯೇ ಅದನ್ನು ಹೊದಿಸುವ ಕೆಲಸಕ್ಕೆ ಕೈ ಹಚ್ಚಿದೆವು.

ಕೌದಿಯು ಬೆಚ್ಚಗಿಡುವುದು ಅದರ ಅರಿವೆಯ ಗುಣದಿಂದಲ್ಲ. ಪದರ ಪದರಗಳ ನಡುವೆ ಅಲುಗಾಡದಂತೆ ಹಿಡಿದಿಟ್ಟ ಗಾಳಿಯ ಗುಣದಿಂದ. ಗೋಡೆಗೆ ಹಚ್ಚುವ ಫೋಮಿನ ಹಲಗೆಯೂ ಅಂತಹದೇ: ಸಾವಿರಾರು ಸಣ್ಣ ಗುಳ್ಳೆಗಳಲ್ಲಿ ಸೆರೆಸಿಕ್ಕ ಅನಿಲ. ಒಂದು ಅಂಗುಲದ ಇಂತಹ ಹಲಗೆಯು ೮ ಅಂಗುಲದ ಕಾಂಕ್ರೀಟಿಗಿಂತ ಹಲವು ಪಾಲು ಹೆಚ್ಚಾಗಿ ಕಾವನ್ನು ತಡೆಯುತ್ತದೆ. ನಾವು ೨ ಅಂಗುಲದ ಹಲಗೆಗಳನ್ನು ಗೋಡೆಗೆ ಬಿಗಿಯಾಗಿ ಅಂಟಿಸಿ, ಕೂಡುಗಳಿಗೆಲ್ಲ ಪಟ್ಟಿ ಹಚ್ಚಿ, ಅದರ ಮುಂದೆ ಜಿಪ್ಸಮ್ ಹಲಗೆಯನ್ನು ಹೊಡೆದೆವು. ಬೆಂಕಿಯ ಭಯದ ದೃಷ್ಟಿಯಿಂದ ಫೋಮನ್ನು ತೆರೆದಿಡಕೂಡದು. ಅಗ್ಗವೆಂದು ಗಾಜಿನ ಎಳೆಯ ಹತ್ತಿಯನ್ನು ನೇರವಾಗಿ ಕಾಂಕ್ರೀಟಿಗೆ ತಾಗಿಸುವವರುಂಟು. ಕೋಣೆಯ ತೇವದ ಗಾಳಿ ಅದರ ಮೂಲಕ ನುಸುಳಿ ತಣ್ಣನೆಯ ಗೋಡೆಯನ್ನು ಮುಟ್ಟಿ ನೀರಾಗುವುದರಿಂದ ಅದು ಒಳ್ಳೆಯದಲ್ಲ.

ಕೊನೆಯದಾಗಿ ಕಿಟಕಿ. ಇದ್ದುದು ಬೆಕ್ಕು ನುಸುಳುವಷ್ಟರ ಕಂಡಿ. ಮಲಗುವ ಕೋಣೆಗೆ, ಬೆಂಕಿಯ ಸಮಯದಲ್ಲಿ ಮನುಷ್ಯನು ಪಾರಾಗಬಹುದಾದ ಕಿಟಕಿ ಬೇಕೆಂದು ಅಲ್ಲಿಯ ಕಟ್ಟಡದ ನಿಯಮ: ತೆರೆದ ಜಾಗ ೦.೩೫ ಚದರ ಮೀಟರಿಗೆ ಕಡಿಮೆಯಿರಕೂಡದು, ಅದರ ಯಾವ ಬದಿಯೂ ೩೮೦ ಮಿಲಿಮೀಟರಿಗೆ ಕಡಿಮೆಯಿರಕೂಡದು. ಕಾಂಕ್ರೀಟನ್ನು ಕೊಯ್ಯುವ ಕೆಲಸಕ್ಕೆ ನಾವು ಕೈ ಹಾಕಲಿಲ್ಲ. ನಗರಸಭೆಯ ಪರವಾನಗಿ ಪಡೆದು ಬಲ್ಲವರಿಂದ ಮಾಡಿಸಿದೆವು. ಖರ್ಚಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು. ಆದರೆ ಮಧ್ಯಾಹ್ನದ ಬಿಸಿಲು ಜಮಖಾನದ ಮೇಲೆ ಬಿದ್ದುದನ್ನು ಕಂಡ ದಿನ ಆ ಖರ್ಚಿಗಾಗಿ ವಿಷಾದವಾಗಲಿಲ್ಲ.

ಮುಂದಿನ ಚಳಿಗಾಲದಲ್ಲಿ ನಾವೇ ಮತ್ತೆ ಅಲ್ಲಿ ಮಲಗಿ ನೋಡಿದೆವು. ಹೀಟರನ್ನು ಹಚ್ಚದೆಯೇ ನೆಲದ ಮೇಲೆ ೧೮ ಡಿಗ್ರಿ, ತಲೆಯ ಮಟ್ಟದಲ್ಲಿ ೨೦. ಅದಾದ ಬಳಿಕವೇ ತಂದೆಯವರಿಗೆ ಬರಲು ಹೇಳಿದೆವು. ೨೦೨೪ರ ಅಕ್ಟೋಬರದಲ್ಲಿ ಅವರು ಬಂದರು. ಮೆಟ್ಟಿಲಿಳಿದು, ಚಪ್ಪಲಿ ಬಿಟ್ಟು ಬರಿಗಾಲಿನಿಂದ ನೆಲವನ್ನು ಮೆಟ್ಟಿ ನೋಡಿದರು. ಅಂಗೈಯನ್ನು ಗೋಡೆಗಿಟ್ಟು ಸ್ವಲ್ಪ ಹೊತ್ತು ನಿಂತರು. ಆಮೇಲೆ ಟೊಪ್ಪಿಗೆಯನ್ನು ತೆಗೆದು ಗೂಟಕ್ಕೆ ಸಿಕ್ಕಿಸುತ್ತ, “ಈಗ ಕಾಳು ಕೆಡೂದಿಲ್ಲ ಬಿಡ್ರಿ” ಎಂದರು. ಆ ಚಳಿಗಾಲದಲ್ಲಿ ಅಡಿಗೆಮನೆಯ ಕುರ್ಚಿ ಬಹುಮಟ್ಟಿಗೆ ಬರಿದಾಗಿಯೇ ಇದ್ದಿತು. ಮಕ್ಕಳೇ ಪುಸ್ತಕ ಹಿಡಿದು ಕೆಳಗೆ ಅಜ್ಜನ ಕೋಣೆಗೆ ಹೋಗತೊಡಗಿದರು.

ಹಲಗೆ, ಪಟ್ಟಿ, ಕೊಳವೆಗಳ ವಿವರವನ್ನು ವಾಚಕರು ಮರೆತರೂ ಚಿಂತೆಯಿಲ್ಲ. ಬೇಕಾದಾಗ ತಿಳಿದವರನ್ನು ಕೇಳಿಕೊಳ್ಳಬಹುದು. ನಾವು ಹೇಳತಕ್ಕದ್ದು ಒಂದೇ ಮಾತು. ಮನೆಯ ಹಿರಿಯರಿಗಾಗಲಿ ಅತಿಥಿಗಳಿಗಾಗಲಿ ಕೋಣೆಯನ್ನು ಕೊಡುವ ಮುಂಚೆ ಅದರಲ್ಲಿ ನೀವು ಒಂದು ರಾತ್ರಿ ಮಲಗಿ ನೋಡಿರಿ. “ಬೆಚ್ಚಗಿದೆಯೇ?” ಎಂದು ಕೇಳಿದರೆ ಪ್ರೀತಿಯುಳ್ಳವರು ಬೆಚ್ಚಗಿದೆಯೆಂದೇ ಹೇಳುತ್ತಾರೆ. ಅವರ ಬಾಯಿಯ ಮಾತಿನಲ್ಲಿ ದೊರೆಯದ ಉತ್ತರವು ನಿಮ್ಮ ಬೆನ್ನಿಗೆ ಆ ಒಂದು ರಾತ್ರಿಯಲ್ಲಿಯೇ ದೊರೆಯುವುದು.